ದೀಪದಾಕೆಯ ಸೋದರತ್ತೆ

ಫ್ಲಾರೆನ್ಸ್ ನೈಟಿಂಗೇಲ್ (1820–1910) ಶಾಲೆಯ ಪಾಠದಿಂದಲೇ ನಮಗೆಲ್ಲ ಪರಿಚಿತರು. ಅವರ ಸೋದರತ್ತೆ ಮೇರಿ ಸ್ಮಿತ್ ಅವರನ್ನು ಬಲ್ಲವರು ಕಡಿಮೆ.

1854ರಲ್ಲಿ 38 ದಾದಿಯರೊಂದಿಗೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದ ಫ್ಲಾರೆನ್ಸ್, ಮರುವರ್ಷ ತಾವೇ ಜ್ವರದಿಂದ ಹಾಸಿಗೆ ಹಿಡಿದರು. ಇಂಗ್ಲೆಂಡಿನಿಂದ ಅತ್ತೆ ಅಲ್ಲಿಗೇ ಬಂದು ಜೊತೆಗಿದ್ದರು. 1856ರಲ್ಲಿ ಊರಿಗೆ ಮರಳಿದ ಮೇಲೂ ಕಾಯಿಲೆ ಬಿಡಲಿಲ್ಲ. ಫ್ಲಾರೆನ್ಸ್ ಮಲಗಿದಲ್ಲಿಂದಲೇ ಸೇನೆಯ ಆರೋಗ್ಯ ಸುಧಾರಣೆಯ ವರದಿ ಬರೆಯುತ್ತಿದ್ದರೆ, ಅತ್ತೆ ಗಂಡ, ಮಕ್ಕಳನ್ನು ಬಿಟ್ಟು ಆರೈಕೆಗೆ ನಿಂತರು. 1860ರಲ್ಲಿ ಅವರು ತಮ್ಮ ಸಂಸಾರಕ್ಕೆ ಹಿಂತಿರುಗಿದಾಗ ಫ್ಲಾರೆನ್ಸ್ ಅದನ್ನು ಕೈಬಿಟ್ಟು ಹೋದಂತೆಯೇ ಬಗೆದರು. ಮುನಿಸು ಸುಮಾರು ಇಪ್ಪತ್ತು ವರ್ಷ ಉಳಿಯಿತು.

ಅದೇ ವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಹೆಸರಿನ ದಾದಿಯರ ಶಾಲೆ ಶುರುವಾಯಿತು. ಅಲ್ಲಿಯ ದಾದಿಯರಿಗೆ 1872ರಿಂದ ಅವರು ದೀರ್ಘ ಪತ್ರಗಳನ್ನು ಬರೆದರು. ಮನೆಗೆ ಚಹಾಕ್ಕೆ ಕರೆದು ಕಷ್ಟಸುಖ ಕೇಳಿದರು. ದಾದಿಯರ ದಣಿವು ಇಷ್ಟು ಬಲ್ಲವರಿಗೆ ಅತ್ತೆಯ ದಣಿವು ಕಾಣಲಿಲ್ಲವೆಂಬುದು ನನಗೆ ಇಂದಿಗೂ ಒಗಟು. ಮನೆಯವರ ಸೇವೆಯನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲವಲ್ಲ, ಬಹುಶಃ ಅದಕ್ಕೇ ಇರಬೇಕು.

1889ರಲ್ಲಿ ಅತ್ತೆ ತೀರಿಕೊಳ್ಳುವ ಮೊದಲು ಇಬ್ಬರೂ ಮತ್ತೆ ಒಂದಾಗಿದ್ದರು.