ಗ್ಯಾಸ್ಟನ್ ಪ್ಲಾಂಟೆ

ನಮ್ಮ ತೋರಣಗಲ್ಲಿನ ಅದಿರು ಲಾರಿಗೂ, ಎಂಜಿನ್ನಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರಿಗೂ ಏನು ನಂಟು? ಲಾರಿ ಹೊರಡಲು ಬ್ಯಾಟರಿ ಬೇಕು. ಗ್ಲೈಡರಿನ ರೇಡಿಯೋ ನುಡಿಯಲೂ ಬ್ಯಾಟರಿ ಬೇಕು. ಬರಿದಾದರೆ ಮತ್ತೆ ತುಂಬಿಸಬಹುದಾದ ಸೀಸದ ಬ್ಯಾಟರಿಯನ್ನು ಲೋಕಕ್ಕೆ ಕೊಟ್ಟವನು ಗ್ಯಾಸ್ಟನ್ ಪ್ಲಾಂಟೆ.

ಈತನು 1834ರಲ್ಲಿ ಫ್ರಾನ್ಸ್ ದೇಶದ ಆರ್ತೆಜ್ ಎಂಬ ಊರಿನಲ್ಲಿ ಜನಿಸಿದನು. 1855ರಲ್ಲಿ ಪ್ಯಾರಿಸ್ಸಿನ ಬಳಿ ಹಾರಲಾರದ ಪುರಾತನ ಹೆಬ್ಬಕ್ಕಿಯೊಂದರ ಪಳೆಯುಳಿಕೆಯನ್ನು ಕಂಡನು. ಆ ಹಕ್ಕಿಗೆ ಈತನ ಹೆಸರೇ ನಿಂತಿತು. 1859ರಲ್ಲಿ ಸೀಸದ ಎರಡು ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಕೂಡಿಟ್ಟನು. ಮತ್ತೆ ಮತ್ತೆ ತುಂಬಿ, ಬರಿದುಮಾಡಿ ಸೀಸವನ್ನು ಹದಗೊಳಿಸಬೇಕಿತ್ತು. ಆ ತಾಳ್ಮೆಯೇ ಆತನ ಬಂಡವಾಳ. 1889ರಲ್ಲಿ ತೀರಿಕೊಂಡನು.

ಆತನ ಬ್ಯಾಟರಿಗೆ ದೋಷಗಳೂ ಇದ್ದವು: ಭಾರ ಹೆಚ್ಚು, ಆಮ್ಲ ಚೆಲ್ಲುವ ಭಯ, ತುಂಬುವಾಗ ಉರಿಯುವ ಜಲಜನಕ. ಆದುದರಿಂದ ಗ್ಲೈಡರುಗಳಿಗೆ ಮುಚ್ಚಿದ ಸೀಸದ ಬ್ಯಾಟರಿ ಬಂದಿತು. ಬಳಿಕ ಹಗುರವಾದ ಲಿಥಿಯಂ ಐರನ್ ಫಾಸ್ಫೇಟ್ ಬಂದಿತು. ಬೇರೆ ಲಿಥಿಯಂ ಬಗೆಗಳಷ್ಟು ಸುಲಭವಾಗಿ ಇದು ಬೆಂಕಿಗೆ ತುತ್ತಾಗದು. ಆದರೂ ಫ್ಯೂಸು, ತಕ್ಕ ಚಾರ್ಜರು, ಬಿಗಿಯಾದ ಕಟ್ಟು ಇರಲೇಬೇಕು. ಲಾರಿಯಲ್ಲಿ ಹೊಗೆ ಎದ್ದರೆ ಕೆಳಗಿಳಿದು ಓಡಬಹುದು, ಆಕಾಶದಲ್ಲಿ ಓಡುವುದೆಲ್ಲಿಗೆ? ಶಕ್ತಿಯನ್ನು ಕೂಡಿಡುವುದನ್ನು ಪ್ಲಾಂಟೆ ಕಲಿಸಿದನು. ಅದನ್ನು ಜೋಪಾನವಾಗಿ ಕಾಯುವ ಹೊಣೆ ನಮ್ಮದು.