ಸ್ವಂತ ಕೆಲಸಕ್ಕೆ ಹೋಗಿದ್ದ ಮನುಷ್ಯ

ರೆಡ್‌ಕ್ರಾಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ರಕ್ತದಾನ ಶಿಬಿರ, ಆಮೇಲೆ ಕೊಡೋ ಬಿಸ್ಕೆಟ್ಟು, ಜ್ಯೂಸು, ಒಂದು ಸರ್ಟಿಫಿಕೇಟು. ಅದನ್ನು ಶುರು ಮಾಡಿದವರು ಯಾರು ಅಂದ್ರೆ ಕ್ವಿಜ್‌ನಲ್ಲಿ ಹೇಳುವ ಹಾಗೆ ಹೆನ್ರಿ ಡ್ಯೂನಾಂಟ್ ಅಂತೀವಿ, ಅಷ್ಟಕ್ಕೇ ಮುಗೀತು. ಆದರೆ ಈ ಮನುಷ್ಯ ಸೇವೆ ಮಾಡಬೇಕು ಅಂತ ಹೊರಟವರೇ ಅಲ್ಲ. ಒಂದು ಫೈಲ್ ಮೂವ್ ಮಾಡಿಸೋಕೆ ಹೊರಟಿದ್ದರು.

ಡ್ಯೂನಾಂಟ್ ಹುಟ್ಟಿದ್ದು 1828ರ ಮೇ 8ರಂದು, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಮಾರ್ಕ್ಸ್ ಸಾಲದೆ ಓದು ಅರ್ಧಕ್ಕೇ ನಿಂತಿತು (ನಮ್ಮಲ್ಲಿ ಕೆಲವರಿಗೆ ಸಮಾಧಾನ ಆಗಬಹುದು). ಬ್ಯಾಂಕ್ ಸೇರಿದರು, ಕೆಲಸದ ಮೇಲೆ ಅಲ್ಜೀರಿಯಾಕ್ಕೆ ಹೋದರು, ಅಲ್ಲಿ ಹಿಟ್ಟಿನ ಗಿರಣಿಯ ವ್ಯವಹಾರಕ್ಕೆ ಕೈಹಾಕಿದರು. ಆ ನೆಲ ಫ್ರಾನ್ಸ್ ಅಲ್ಜೀರಿಯಾದ ಜನರಿಂದ ಕಿತ್ತುಕೊಂಡಿದ್ದು, ಇದನ್ನೂ ಮರೆಯೋ ಹಾಗಿಲ್ಲ. ಗಿರಣಿಗೆ ಬೇಕಾದ ಜಮೀನು, ನೀರಿನ ಅನುಮತಿ ಎಷ್ಟು ಅಲೆದರೂ ಸಿಗಲಿಲ್ಲ. ಸರಿ, ಚಕ್ರವರ್ತಿ ಮೂರನೇ ನೆಪೋಲಿಯನ್‌ನನ್ನೇ ಕೇಳೋಣ ಅಂತ ಹೊರಟರು. ಆತ ಆಗ ಉತ್ತರ ಇಟಲಿಯಲ್ಲಿ ಆಸ್ಟ್ರಿಯಾ ವಿರುದ್ಧ ಯುದ್ಧದಲ್ಲಿದ್ದ.

1859ರ ಜೂನ್ 24. ಸಾಲ್ಫೆರಿನೋದಲ್ಲಿ ಒಂದೇ ದಿನದ ಕಾಳಗದಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 40,000 ಜನ. ಪಕ್ಕದ ಕ್ಯಾಸ್ಟಿಲಿಯೋನೆ ಊರಿಗೆ ಡ್ಯೂನಾಂಟ್ ಬಂದಾಗ ಚರ್ಚು, ಮನೆ, ಬೀದಿ ಎಲ್ಲೆಲ್ಲೂ ಗಾಯಾಳುಗಳು. ಕುಡಿಯೋಕೆ ನೀರು ಕೊಡುವವರೂ ಸಾಲದು. ಡ್ಯೂನಾಂಟ್ ಡಾಕ್ಟರಲ್ಲ, ಸೈನಿಕರಲ್ಲ, ಆ ದೇಶದವರೂ ಅಲ್ಲ. ಮೈಮೇಲೆ ಪ್ರವಾಸಕ್ಕೆ ಹಾಕಿಕೊಂಡಿದ್ದ ಬಿಳಿ ಬಟ್ಟೆ. ಅದರಲ್ಲೇ ಗಾಯ ತೊಳೆಯೋಕೆ ಕೂತರು.

ಕೈಗೆ ಸಿಕ್ಕವರನ್ನೆಲ್ಲ ಕೆಲಸಕ್ಕೆ ಹಚ್ಚಿದರು. ಊರಿನ ಹುಡುಗರು ಬಕೆಟ್‌ನಲ್ಲಿ ನೀರು ಹೊತ್ತರು. ಗಾಡಿಯವನು ಬ್ರೆಷಾ ಪಟ್ಟಣಕ್ಕೆ ಹೋಗಿ ನಿಂಬೆಹಣ್ಣು, ಸಕ್ಕರೆ, ಅಂಗಿ, ತಂಬಾಕು ತಂದ. ಏನಾಗ್ತಿದೆ ಅಂತ ಸುಮ್ಮನೆ ಇಣುಕಿದ ಪ್ರವಾಸಿಗಳನ್ನೂ ಬಿಡಲಿಲ್ಲ. ನ್ಯೂಶಾಟೆಲ್‌ನ ವ್ಯಾಪಾರಿಯೊಬ್ಬ ಎರಡು ದಿನ ಪಟ್ಟಿ ಕಟ್ಟುತ್ತಾ, ಸಾಯುತ್ತಿರುವವರ ಪರವಾಗಿ ಅವರ ಮನೆಗೆ ಕಾಗದ ಬರೆಯುತ್ತಾ ಕೂತ. ನಮಗೆ ಎಲ್ಲಕ್ಕಿಂತ ಇಷ್ಟವಾಗೋದು ಊರಿನ ಹೆಂಗಸರು. ಡ್ಯೂನಾಂಟ್ ಯಾವ ದೇಶದ ಸೈನಿಕ ಅಂತ ನೋಡದೆ ಆರೈಕೆ ಮಾಡೋದನ್ನು ಕಂಡು ಅವರೂ ಹಾಗೇ ಮಾಡಿದರು, ಶತ್ರು ಸೈನ್ಯದ ಆಸ್ಟ್ರಿಯನ್ನರಿಗೂ.

ಎಷ್ಟೋ ಜನ ಕಣ್ಣೆದುರೇ ಸತ್ತರು. ಒಳ್ಳೆ ಮನಸ್ಸಿದ್ದರೂ ತರಬೇತಿ ಇಲ್ಲ, ಸಾಮಾನಿಲ್ಲ. ಊರಿಗೆ ಹೋದ ಮೇಲೂ ಇದು ಅವರನ್ನು ಬಿಡಲಿಲ್ಲ. 1862ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದರು, 1,600 ಪ್ರತಿ. ಯುದ್ಧ ಇಲ್ಲದಿರುವಾಗಲೇ ಪ್ರತಿ ದೇಶದಲ್ಲೂ ಸ್ವಯಂಸೇವಕರನ್ನು ತಯಾರು ಮಾಡಿಡಬೇಕು ಅನ್ನೋದು ಅದರ ಬೇಡಿಕೆ. ಅಂದರೆ ಸಿಸ್ಟಮ್ ಕ್ರ್ಯಾಶ್ ಆಗೋ ಮುಂಚೆಯೇ ಬ್ಯಾಕಪ್. 1863ರಲ್ಲಿ ಜಿನೀವಾದಲ್ಲಿ ಐದು ಜನರ ಸಮಿತಿ ಆಯಿತು, ಅದೇ ಮುಂದೆ ರೆಡ್‌ಕ್ರಾಸ್. 1864ರಲ್ಲಿ 12 ದೇಶಗಳು ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು.

ಇತ್ತ ಗಿರಣಿ ಮುಳುಗಿತು. 1867ರಲ್ಲಿ ಡ್ಯೂನಾಂಟ್ ದಿವಾಳಿ. ಅವರನ್ನು ನಂಬಿ ದುಡ್ಡು ಹಾಕಿದ ಜಿನೀವಾದವರೂ ಕಳೆದುಕೊಂಡಿದ್ದರು, ಅವರ ಸಿಟ್ಟು ಸುಳ್ಳಲ್ಲ. ಆದರೆ ಅವರೇ ಹುಟ್ಟಿಸಿದ ಸಮಿತಿಯೂ ಅವರನ್ನು ಹೊರಹಾಕಿತು. ಊರು ಬಿಟ್ಟವರು ಮತ್ತೆ ಕಾಲಿಡಲಿಲ್ಲ. ಪ್ಯಾರಿಸ್‌ನಲ್ಲಿ ಬೆಂಚಿನ ಮೇಲೆ ಮಲಗಿದ ರಾತ್ರಿಗಳಿದ್ದವು. ಮಾಸಿದ ಕೋಟಿಗೆ ಶಾಯಿ ಬಳಿದು, ಅಂಗಿಗೆ ಸೀಮೆಸುಣ್ಣ ತಿಕ್ಕಿ ಓಡಾಡಿದರು. ಕೊನೆಗೆ ಹೈಡನ್ ಅನ್ನೋ ಬೆಟ್ಟದೂರಿನ ಆಸ್ಪತ್ರೆಯಲ್ಲಿ ಒಂದು ಕೋಣೆ ಸಿಕ್ಕಿತು. ಲೋಕ ಮರೆತೇಬಿಟ್ಟಿದ್ದ ಅವರನ್ನು 1895ರಲ್ಲಿ ಒಬ್ಬ ಪತ್ರಕರ್ತ ಹುಡುಕಿ ಬರೆದ.

1901ರಲ್ಲಿ ಮೊಟ್ಟಮೊದಲ ಶಾಂತಿ ನೊಬೆಲ್, ಫ್ರೆಡರಿಕ್ ಪಾಸಿ ಜೊತೆ ಹಂಚಿಕೊಂಡು. ಆ ದುಡ್ಡನ್ನು ತಮಗಾಗಿ ಖರ್ಚು ಮಾಡದೆ ಅದೇ ಆಸ್ಪತ್ರೆಯಲ್ಲಿದ್ದು 1910ರ ಅಕ್ಟೋಬರ್ 30ರಂದು ತೀರಿಕೊಂಡರು. ಹೈಡನ್‌ನ ಆಸ್ಪತ್ರೆಯಲ್ಲಿ ಬಡವರಿಗೆ ಅಂತ ಒಂದು ಹಾಸಿಗೆ ಯಾವಾಗಲೂ ಉಚಿತವಾಗಿರಲಿ ಅಂತ ಉಯಿಲಿನಲ್ಲಿ ಹಣ ಬರೆದಿಟ್ಟಿದ್ದರು.