ಕಬ್ಬಿನ ರೈತರು, ನಂಬಿಕೆಯ ಲೆಕ್ಕ: ಪುಣೆಯ ಅರ್ಥಶಾಸ್ತ್ರಜ್ಞ ಡಿ.ಆರ್. ಗಾಡ್ಗೀಳ್ ಬದುಕಿನ ಕಥೆ

ಗಾಡ್ಗೀಳ್ ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ಪಶ್ಚಿಮ ಘಟ್ಟ ವರದಿಯ ಮಾಧವ ಗಾಡ್ಗೀಳ್. ಅವರ ತಂದೆ ಧನಂಜಯ ರಾಮಚಂದ್ರ ಗಾಡ್ಗೀಳ್ ಹೆಸರು ಇಂದು ಹೆಚ್ಚಾಗಿ ಸ್ಪರ್ಧಾತ್ಮಕ ಪರೀಕ್ಷೆಗಳ 'ಗಾಡ್ಗೀಳ್ ಸೂತ್ರ'ದ ಪ್ರಶ್ನೆಯಲ್ಲಷ್ಟೇ ಕಾಣಿಸುತ್ತದೆ. ಆದರೆ ಪುಣೆಯ ಈ ಅರ್ಥಶಾಸ್ತ್ರಜ್ಞ ಮಾಡಿದ ದೊಡ್ಡ ಪ್ರಯೋಗವೊಂದು ನಡೆದದ್ದು ಕಬ್ಬಿನ ಗದ್ದೆಗಳ ನಡುವೆ. ಕೈಯಲ್ಲಿ ಬಂಡವಾಳವಿಲ್ಲದ ರೈತರು ಪರಸ್ಪರ ನಂಬಿ ಒಂದು ಕಾರ್ಖಾನೆ ಕಟ್ಟಬಲ್ಲರೇ ಎಂಬುದೇ ಅಲ್ಲಿನ ಪ್ರಶ್ನೆ.

ನಾಸಿಕ್‌ನಿಂದ ಕೇಂಬ್ರಿಡ್ಜ್‌ಗೆ

ಗಾಡ್ಗೀಳ್ ಹುಟ್ಟಿದ್ದು 1901ರ ಏಪ್ರಿಲ್ 10ರಂದು, ನಾಸಿಕ್‌ನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿದ ಅವರು ಅಲ್ಲಿ ಬರೆದ ಪ್ರಬಂಧ 1924ರಲ್ಲಿ ಪುಸ್ತಕವಾಯಿತು. ಭಾರತದ ಕೈಗಾರಿಕೆಗಳ ಬೆಳವಣಿಗೆಯನ್ನು ಕುರಿತ ಆ ಕೃತಿ ದಶಕಗಳ ಕಾಲ ವಿದ್ಯಾರ್ಥಿಗಳ ಕೈಯಲ್ಲಿತ್ತು. ಸೂರತ್‌ನ ಕಾಲೇಜೊಂದರಲ್ಲಿ ಪ್ರಾಂಶುಪಾಲರಾಗಿದ್ದ ಅವರು 1930ರಲ್ಲಿ ಪುಣೆಯಲ್ಲಿ ಶುರುವಾದ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆಯ ನಿರ್ದೇಶಕರಾದರು. 1966ರವರೆಗೂ ಅದೇ ಹುದ್ದೆಯಲ್ಲಿದ್ದರು.

ಲೋಣಿಯ ಕಾರ್ಖಾನೆ

ಸಹಕಾರಕ್ಕೆ ಆಗಲೇ ಕನ್ನಡ ನೆಲದಲ್ಲಿ ಬೇರು ಇತ್ತು. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಆದರೆ ಸಾಲದ ಸಂಘ ಬೇರೆ, ಸಕ್ಕರೆ ಕಾರ್ಖಾನೆ ಬೇರೆ. ಅಹಮದ್‌ನಗರ ಜಿಲ್ಲೆಯ ಲೋಣಿಯ ರೈತ ವಿಠ್ಠಲರಾವ್ ವಿಖೆ ಪಾಟೀಲ್ ಸುತ್ತಲ ಹಳ್ಳಿಗಳಲ್ಲಿ ಷೇರು ಹಣ ಕೂಡಿಸಲು ಹೊರಟಾಗ ಅವರ ಬೆನ್ನಿಗೆ ನಿಂತವರು ಗಾಡ್ಗೀಳ್. ಬಾಂಬೆ ಪ್ರಾಂತ್ಯದ ಮಂತ್ರಿಯಾಗಿದ್ದ ಸಹಕಾರಿ ಧುರೀಣ ವೈಕುಂಠಭಾಯಿ ಮೆಹ್ತಾ ಅವರ ಬೆಂಬಲವೂ ಸಿಕ್ಕಿತು. 1950-51ರ ಹಂಗಾಮಿನಲ್ಲಿ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸಲು ಆರಂಭಿಸಿತು. ಅದರ ಮೊದಲ ಅಧ್ಯಕ್ಷರು ಗಾಡ್ಗೀಳ್.

ಕೈದಿಗಳ ಸಂದಿಗ್ಧ, ರೈತರ ಸಂದಿಗ್ಧ

ಅದೇ 1950ರಲ್ಲಿ ಅಮೆರಿಕದ ಗಣಿತಜ್ಞರು ಒಂದು ಆಟ ರೂಪಿಸಿದ್ದರು. ಅದಕ್ಕೆ ಮುಂದೆ 'ಕೈದಿಗಳ ಸಂದಿಗ್ಧ' ಎಂಬ ಹೆಸರು ಬಂತು. ಇಬ್ಬರೂ ಬಾಯಿ ಬಿಡದಿದ್ದರೆ ಇಬ್ಬರಿಗೂ ಶಿಕ್ಷೆ ಕಡಿಮೆ. ಆದರೆ ಇನ್ನೊಬ್ಬ ಕೈಕೊಟ್ಟಾನು ಎಂಬ ಭಯದಲ್ಲಿ ಇಬ್ಬರೂ ಬಾಯಿಬಿಟ್ಟು ಹೆಚ್ಚು ಶಿಕ್ಷೆ ಅನುಭವಿಸುತ್ತಾರೆ. ಗೇಮ್ ಥಿಯರಿಯ ಅತ್ಯಂತ ಪ್ರಸಿದ್ಧ ಉದಾಹರಣೆ ಇದು.

ಕಬ್ಬು ಬೆಳೆಗಾರನ ಸ್ಥಿತಿಯೂ ಹೀಗೆಯೇ. ಬೆಲ್ಲದ ದರ ಏರಿದ ವರ್ಷ ಆಲೆಮನೆಗೆ ಕಬ್ಬು ಸಾಗಿಸಿದರೆ ನಾಲ್ಕು ಕಾಸು ಹೆಚ್ಚು. ಒಬ್ಬ ಹಾಗೆ ಮಾಡಿದರೆ ಕಾರ್ಖಾನೆಗೇನೂ ಆಗದು. ಎಲ್ಲರೂ ಹಾಗೆಯೇ ಮಾಡಿದರೆ ಯಂತ್ರ ನಿಲ್ಲುತ್ತದೆ, ಸಾಲ ಉಳಿಯುತ್ತದೆ, ಹಾಕಿದ ಷೇರು ಹಣವೂ ಮುಳುಗುತ್ತದೆ.

ಇದಕ್ಕೆ ಸಹಕಾರಿ ಕಾರ್ಖಾನೆ ಕಂಡುಕೊಂಡ ಉತ್ತರ ಬರೀ ಉಪದೇಶವಲ್ಲ, ವ್ಯವಸ್ಥೆ. ಸದಸ್ಯ ಕಬ್ಬು ಪೂರೈಸಲು ಒಪ್ಪಂದ ಮಾಡಿಕೊಳ್ಳಬೇಕು. ಜಮೀನು ಎಷ್ಟೇ ಇರಲಿ, ಒಬ್ಬನಿಗೆ ಒಂದೇ ಮತ. ಲೆಕ್ಕಪತ್ರ ಸಭೆಯ ಮುಂದೆ ಬರಬೇಕು. ಜೊತೆಗೆ, ಆ ಊರಿನ ಯಾವ ಬಣಕ್ಕೂ ಸೇರದ ಪುಣೆಯ ವಿದ್ವಾಂಸರೊಬ್ಬರು ಅಧ್ಯಕ್ಷರ ಕುರ್ಚಿಯಲ್ಲಿದ್ದದ್ದು ರೈತರಿಗೂ ಸಾಲ ಕೊಟ್ಟವರಿಗೂ ಧೈರ್ಯ ತಂದಿತು.

ಇನ್ನೊಂದು ಅಂಶವೂ ಇತ್ತು. ಹಂಗಾಮು ಪ್ರತಿ ವರ್ಷ ಬರುತ್ತದೆ, ನೆರೆಹೊರೆಯವರು ಅವರೇ ಇರುತ್ತಾರೆ. ಇಂದು ಕೈಕೊಟ್ಟವನಿಗೆ ನಾಳೆ ಅದೇ ಜನರ ಮುಖ ನೋಡಬೇಕು. ಆಟ ಮತ್ತೆ ಮತ್ತೆ ನಡೆಯುವಾಗ ಸಹಕಾರವೇ ಲಾಭ ಎಂಬುದನ್ನು ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪಂದ್ಯಗಳ ಮೂಲಕ ತೋರಿಸಿಕೊಟ್ಟದ್ದು 1980ರ ದಶಕದಲ್ಲಿ. ಅಷ್ಟು ಹೊತ್ತಿಗೆ ಪ್ರವರಾ ಮಾದರಿ ಮಹಾರಾಷ್ಟ್ರದ ಊರೂರಿಗೆ ಹಬ್ಬಿತ್ತು.

ದಿಲ್ಲಿಯಲ್ಲೂ ಅದೇ ದಾರಿ

1967ರಲ್ಲಿ ಗಾಡ್ಗೀಳ್ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಕೇಂದ್ರದ ನೆರವು ಯಾವ ರಾಜ್ಯಕ್ಕೆ ಎಷ್ಟು ಎಂಬುದು ಆಗ ದೊಡ್ಡ ಜಗಳದ ವಿಷಯ. 1969ರಲ್ಲಿ ಬಂದ ಸೂತ್ರ ಶೇ 60ರಷ್ಟನ್ನು ಜನಸಂಖ್ಯೆಗೆ ಕಟ್ಟಿತು. ಉಳಿದದ್ದನ್ನು ತಲಾ ಆದಾಯ, ತೆರಿಗೆ ಸಂಗ್ರಹದ ಶ್ರಮ, ನಡೆಯುತ್ತಿರುವ ನೀರಾವರಿ ಮತ್ತು ವಿದ್ಯುತ್ ಯೋಜನೆಗಳು ಹಾಗೂ ರಾಜ್ಯದ ವಿಶೇಷ ಸಮಸ್ಯೆಗಳಿಗೆ ಶೇ 10ರಂತೆ ಹಂಚಿತು. ದಿಲ್ಲಿಯ ಮರ್ಜಿಯ ಜಾಗಕ್ಕೆ ಎಲ್ಲರಿಗೂ ಕಾಣುವ ನಿಯಮ ಬಂತು. ಅದೇ ವರ್ಷ ಅವರ ನೇತೃತ್ವದ ಅಧ್ಯಯನ ತಂಡ ನೀಡಿದ ಸಲಹೆಯಿಂದ ಲೀಡ್ ಬ್ಯಾಂಕ್ ಯೋಜನೆಗೆ ದಾರಿಯಾಯಿತು. ಕರ್ನಾಟಕದ ಜಿಲ್ಲೆಗಳಲ್ಲೂ ಲೀಡ್ ಬ್ಯಾಂಕ್ ಕಚೇರಿಗಳು ಇಂದಿಗೂ ಕೆಲಸ ಮಾಡುತ್ತಿವೆ.

ಆಯೋಗದಿಂದ ಹೊರಬಂದ ಕೆಲವೇ ಸಮಯದಲ್ಲಿ, 1971ರ ಮೇ 3ರಂದು ಗಾಡ್ಗೀಳ್ ನಿಧನರಾದರು. ನಂತರದ ವರ್ಷಗಳಲ್ಲಿ ಅನೇಕ ಸಹಕಾರಿ ಕಾರ್ಖಾನೆಗಳು ರಾಜಕೀಯದ ಅಖಾಡವಾದವು, ಕೆಲವು ಸಾಲದಲ್ಲಿ ಮುಳುಗಿ ಖಾಸಗಿಯವರ ಪಾಲಾದವು. ಲೆಕ್ಕ ಮುಚ್ಚಿಟ್ಟ ಕಡೆ, ಸಭೆ ನೆಪಕ್ಕೆ ನಡೆದ ಕಡೆ ರೈತರ ನಂಬಿಕೆಯೂ ಉಳಿಯಲಿಲ್ಲ. ಮಂಡ್ಯದಿಂದ ಬೆಳಗಾವಿಯವರೆಗೆ ಕಬ್ಬಿನ ಬಾಕಿಗಾಗಿ ರೈತರು ರಸ್ತೆಗಿಳಿಯುವ ಈ ದಿನಗಳಲ್ಲಿ ಲೋಣಿಯ ಆ ಮೊದಲ ಹಂಗಾಮು ಮತ್ತೆ ನೆನಪಾಗುವುದು ಅದಕ್ಕೇ.